ಮನೆಯ ಚಿತ್ರಗಳು, ವಿಡಿಯೊಗಳು: ಉಳಿಸಿಕೊಳ್ಳುವ ಕ್ರಮ

ಗಡಿನಾಡಿನ ಕನ್ನಡ ಕುಟುಂಬವೊಂದರ ಚಿತ್ರಗಳು ಇಂದು ಒಂದೇ ಕಡೆ ಇರುವುದಿಲ್ಲ. ಅಜ್ಜನ ಕಾಲದ ಕಪ್ಪು-ಬಿಳುಪು ಚಿತ್ರ ಗೋಡೆಯ ಮೇಲಿದೆ. ತಂದೆ-ತಾಯಿಯರ ಮದುವೆಯ ಆಲ್ಬಮ್ ಕಪಾಟಿನಲ್ಲಿದೆ, ಅದರ ವಿಡಿಯೊ ಕ್ಯಾಸೆಟ್ ಅಟ್ಟದಲ್ಲಿದೆ. ಹಿರಿಯ ಮಗಳ ನಾಮಕರಣ ಸಿ.ಡಿ.ಯಲ್ಲಿ, ಕಿರಿಯ ಮಗನ ಶಾಲಾ ವಾರ್ಷಿಕೋತ್ಸವ ಮೂರು ಮೊಬೈಲುಗಳಲ್ಲಿ ಹಂಚಿಹೋಗಿವೆ. ಉಳಿದುದೆಲ್ಲ ವಾಟ್ಸ್‌ಆ್ಯಪ್ ಗುಂಪುಗಳ ಪಾಲಾಗಿದೆ. ಇವನ್ನೆಲ್ಲ ಒಂದೆಡೆ ತಂದು, ಪ್ರತಿ ಮಾಡಿ, ಆ ಪ್ರತಿ ಸರಿಯಿದೆಯೇ ಎಂದು ನೋಡಿ, ಹೆಸರು ಬರೆದಿಡುವ ಬಗೆಯನ್ನು ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಪೋಷಕರ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇವೆ.

ಇದು ಕೇವಲ ಮೊಬೈಲಿನ ಜಾಗ ತುಂಬಿದ ಸಮಸ್ಯೆಯಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಗಳು ಹೊಸದಾಗಿ ಗುರುತಾದ ಮೇಲೆ ನಮ್ಮ ಊರುಗಳ ಕನ್ನಡ ಬದುಕು ಅನ್ಯಭಾಷೆಯ ಆಡಳಿತದ ದಾಖಲೆಗಳಲ್ಲಿ ಪೂರ್ತಿಯಾಗಿ ಕಾಣಿಸುವುದಿಲ್ಲ. ಶಾಲೆಯ ಹಳೆಯ ಕನ್ನಡ ನಾಮಫಲಕ, ಅಂದಿನ ಅಧ್ಯಾಪಕರ ಸಾಲು, ಊರಿನ ಯಕ್ಷಗಾನ ಬಯಲಾಟ, ಭಜನೆ, ಮದುವೆಯಲ್ಲಿ ಹೆಂಗಸರು ಹಾಡಿದ ಹಾಡು, ಇವು ಬಹುಮಟ್ಟಿಗೆ ಉಳಿದಿರುವುದು ಮನೆಮನೆಯ ಆಲ್ಬಮ್‌ಗಳಲ್ಲಿ, ಮೊಬೈಲುಗಳಲ್ಲಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಉಲ್ಲೇಖಿಸಿ ಮನವಿ ಬರೆಯುವಾಗ, ಶಾಲೆಯಲ್ಲಿ ಇಂತಿಷ್ಟು ವರ್ಷಗಳಿಂದ ಕನ್ನಡ ತರಗತಿ ನಡೆಯುತ್ತಿದೆ ಎಂಬುದಕ್ಕೆ ದಿನಾಂಕವಿರುವ ಒಂದು ಸಮೂಹಚಿತ್ರವನ್ನು ಜೊತೆಗಿಡಬಹುದು. ದಿನಾಂಕವೂ ಸ್ಥಳವೂ ಗೊತ್ತಿಲ್ಲದ, ಹತ್ತು ಕೈ ದಾಟಿ ಮಸುಕಾದ ಫಾರ್ವರ್ಡ್ ಚಿತ್ರಕ್ಕೆ ಆ ಬಲವಿರುವುದಿಲ್ಲ.

ಮೊದಲು ಒಂದು ಲೆಕ್ಕ

ಎಷ್ಟು ಸಾಮಗ್ರಿ ಇದೆ ಎಂದು ತಿಳಿಯದೆ ಡಿಸ್ಕ್ ಕೊಳ್ಳುವುದು ಸರಿಯಲ್ಲ. ಈಗಿನ ಸಾಮಾನ್ಯ ಮೊಬೈಲಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್‌ನ ಚಿತ್ರವೊಂದು ಸುಮಾರು 3ರಿಂದ 5 ಎಂಬಿಯಷ್ಟಿರುತ್ತದೆ. ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ ಸುಮಾರು 100 ಎಂಬಿ ಜಾಗ ಹಿಡಿಯುತ್ತದೆ. 4ಕೆ ಎಂದು ಇಟ್ಟು ತೆಗೆದರೆ ಅದರ ಎರಡು-ಮೂರು ಪಟ್ಟು ಬೇಕು. ಇಪ್ಪತ್ತು ಸಾವಿರ ಚಿತ್ರ, ಮೂವತ್ತು ಗಂಟೆಗಳ ವಿಡಿಯೊ ಇರುವ ಮನೆಯ ಒಟ್ಟು ಸಂಗ್ರಹ 250ರಿಂದ 300 ಜಿಬಿಯ ಆಸುಪಾಸಿನಲ್ಲಿರುತ್ತದೆ. ಅಂಥ ಮನೆಗೆ 1 ಟಿಬಿಯ ಡಿಸ್ಕ್ ಧಾರಾಳವಾಯಿತು. 1 ಟಿಬಿ ಎಂದು ಬರೆದ ಡಿಸ್ಕನ್ನು ಕಂಪ್ಯೂಟರು 931 ಜಿಬಿ ಎಂದು ತೋರಿಸಿದರೆ ಅಂಗಡಿಯವರು ಮೋಸ ಮಾಡಿದರೆಂದು ತಿಳಿಯಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ವಾಟ್ಸ್‌ಆ್ಯಪ್ ಎಂಬುದು ಪೆಟ್ಟಿಗೆಯಲ್ಲ

“ಗುಂಪಿನಲ್ಲಿ ಹಾಕಿದ್ದೇವಲ್ಲ, ಅಲ್ಲಿಯೇ ಇರುತ್ತದೆ” ಎಂಬ ಮಾತನ್ನು ಪೋಷಕರ ಸಭೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತೇವೆ. ಅದು ಅಲ್ಲಿ ಇರುವುದಿಲ್ಲ. ವಾಟ್ಸ್‌ಆ್ಯಪ್ ಚಿತ್ರವನ್ನು ಸಾಗಿಸುತ್ತದೆ; ಜೋಪಾನ ಮಾಡುವುದಿಲ್ಲ. ಸಾಮಾನ್ಯ ಕ್ರಮದಲ್ಲಿ ಕಳುಹಿಸಿದ ಚಿತ್ರವನ್ನು ಅದು ಕುಗ್ಗಿಸುತ್ತದೆ, ವಿಡಿಯೊವನ್ನು ಇನ್ನೂ ಹೆಚ್ಚು ಕುಗ್ಗಿಸುತ್ತದೆ. ಚಿತ್ರದ ಒಳಗೆ ಕ್ಯಾಮೆರಾ ಬರೆದಿಟ್ಟ ದಿನಾಂಕ, ಸ್ಥಳ ಮುಂತಾದ ವಿವರಗಳು ಕಳಚಿಹೋಗುತ್ತವೆ. ಹೆಸರಿನಲ್ಲಿ ಡಬ್ಲ್ಯು-ಎ ಎಂಬ ಅಕ್ಷರಗಳೂ ಒಂದು ದಿನಾಂಕವೂ ಇರುವ ಚಿತ್ರಗಳನ್ನು ಎಲ್ಲರೂ ಕಂಡಿದ್ದೇವೆ. ಆ ದಿನಾಂಕ ಚಿತ್ರ ತೆಗೆದ ದಿನವಲ್ಲ, ವಾಟ್ಸ್‌ಆ್ಯಪ್ ಮೂಲಕ ಸಾಗಿದ ದಿನ. 2004ರ ಶಾಲಾ ಚಿತ್ರವನ್ನು ಯಾರೋ 2019ರಲ್ಲಿ ಕಳುಹಿಸಿದರೆ ಅದರ ಮೇಲೆ 2019 ಎಂದೇ ಮುದ್ರೆ ಬೀಳುತ್ತದೆ. ಮುಂದೊಂದು ದಿನ ಮೊಮ್ಮಕ್ಕಳು ಅದನ್ನೇ ನಂಬುತ್ತಾರೆ.

ಆದ್ದರಿಂದ ಚಿತ್ರ ತೆಗೆದವರ ಮೊಬೈಲಿನಿಂದಲೇ ಮೂಲವನ್ನು ಪಡೆಯಬೇಕು. ವಾಟ್ಸ್‌ಆ್ಯಪ್ ಮೂಲಕವೇ ತರಿಸಬೇಕಾದಲ್ಲಿ ಚಿತ್ರವಾಗಿ ಕಳುಹಿಸದೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಲು ಹೇಳಬೇಕು. ಹಾಗೆ ಮಾಡಿದರೆ 2 ಜಿಬಿವರೆಗಿನ ಕಡತ ಕುಗ್ಗದೆ, ಒಳಗಿನ ದಿನಾಂಕದ ಸಮೇತ ಬರುತ್ತದೆ. ಸಾಕುಮಗುವಿಗೂ ಹೆತ್ತಮಗುವಿಗೂ ಭೇದ ಬೇಡ ಎಂಬಂತೆ, ಮೂಲ ಸಿಗದೆಯೇ ಹೋದಾಗ ವಾಟ್ಸ್‌ಆ್ಯಪ್ ಪ್ರತಿಯನ್ನೂ ಕಳೆಯಬಾರದು. ಅದನ್ನು ಬೇರೆ ಫೋಲ್ಡರಿನಲ್ಲಿಟ್ಟು ಮೂಲವಲ್ಲವೆಂದು ಬರೆದಿಟ್ಟರಾಯಿತು.

ಮೊಬೈಲಿನಿಂದ ಕಂಪ್ಯೂಟರಿಗೆ ಕೇಬಲ್ ಜೋಡಿಸಿ, ಮೊಬೈಲಿನ ಪರದೆಯಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿದರೆ ಡಿಸಿಐಎಂ ಎಂಬ ಫೋಲ್ಡರು ಕಾಣುತ್ತದೆ. ಕ್ಯಾಮೆರಾದಲ್ಲಿ ತೆಗೆದುದೆಲ್ಲ ಅದರೊಳಗಿರುತ್ತದೆ. ಹತ್ತು ಸಾವಿರ ಚಿತ್ರಗಳನ್ನು ಒಮ್ಮೆಗೇ ಎಳೆಯಹೋದರೆ ನಡುವೆ ನಿಂತುಹೋಗುವುದುಂಟು. ಸಾವಿರ, ಎರಡು ಸಾವಿರದ ಕಂತುಗಳಲ್ಲಿ ಮಾಡಬೇಕು. ‘ಕಾಪಿ’ ಮಾಡಬೇಕು, ‘ಕಟ್’ ಎಂದಿಗೂ ಮಾಡಬಾರದು. ನಡುವೆ ವಿದ್ಯುತ್ ಹೋದರೆ ಕಟ್ ಮಾಡಿದ ಚಿತ್ರ ಅಲ್ಲಿಯೂ ಇಲ್ಲದೆ ಇಲ್ಲಿಯೂ ಇಲ್ಲದೆ ಹೋದೀತು. ನಮ್ಮ ಊರುಗಳಲ್ಲಿ ಮಳೆಗಾಲದ ವಿದ್ಯುತ್ತಿನ ಸ್ಥಿತಿಯನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಮೂರು ಪ್ರತಿ, ಒಂದು ದೂರದಲ್ಲಿ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಅವರಿಂದ ಪ್ರಚಾರಕ್ಕೆ ಬಂದ 3-2-1 ಎಂಬ ಸೂತ್ರವನ್ನು ಈ ವಿಷಯ ತಿಳಿದವರೆಲ್ಲ ಇಂದಿಗೂ ಹೇಳುತ್ತಾರೆ. ಒಟ್ಟು ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಮನೆಯ ಹೊರಗಿರಬೇಕು. ನಮ್ಮ ಮನೆಗಳಿಗೆ ಹೊಂದಿಸಿ ಹೇಳುವುದಾದರೆ, ಒಂದು ಕಂಪ್ಯೂಟರಿನಲ್ಲಿ ಅಥವಾ ಮೊದಲ ಡಿಸ್ಕಿನಲ್ಲಿ, ಮತ್ತೊಂದು ಎರಡನೆಯ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನಲ್ಲಿ ಅಥವಾ ಅಂತರ್ಜಾಲದ ಸಂಗ್ರಹದಲ್ಲಿ.

ಈ ಮೂರನೆಯ ಪ್ರತಿಯನ್ನು ಬಹುತೇಕರು ಅಲಕ್ಷಿಸುತ್ತಾರೆ. ಎರಡು ಡಿಸ್ಕುಗಳನ್ನೂ ಒಂದೇ ಕಪಾಟಿನಲ್ಲಿಟ್ಟರೆ ಕಳ್ಳನಿಗೂ ಬೆಂಕಿಗೂ ನೀರಿಗೂ ಅವೆರಡು ಒಂದೇ. ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ 2024ರ ಜುಲೈ 30ರ ಮುಂಜಾವದ ಭೂಕುಸಿತ ಮನೆಗಳನ್ನೇ ಬುಡಸಹಿತ ಕೊಚ್ಚಿಕೊಂಡು ಹೋಯಿತು. ಜೀವಹಾನಿಯ ಮುಂದೆ ಚಿತ್ರಗಳ ಮಾತು ಸಣ್ಣದೇ. ಆದರೂ ಅಗಲಿದವರ ಒಂದು ಮುಖಚಿತ್ರವಾದರೂ ಉಳಿಯಬೇಕಿದ್ದರೆ ಅದು ಆ ಮನೆಯ ಹೊರಗೆ ಇದ್ದಿರಬೇಕು. ಈ ವಿಷಯದಲ್ಲಿ ಗಡಿನಾಡಿನವರಿಗೆ ಒಂದು ಅನುಕೂಲವುಂಟು. ನೆಂಟರು ಗಡಿಯ ಎರಡೂ ಕಡೆ ಇದ್ದಾರೆ. ಕಾಸರಗೋಡಿನ ಮನೆಯ ಡಿಸ್ಕು ಮಂಗಳೂರಿನಲ್ಲಿ ಓದುವ ಮಗಳ ಬಳಿ, ಅಕ್ಕಲಕೋಟೆಯದು ಕಲಬುರಗಿಯ ಸೋದರಮಾವನ ಮನೆಯಲ್ಲಿ, ಆದವಾನಿಯದು ಬಳ್ಳಾರಿಯ ಅಕ್ಕನ ಕಪಾಟಿನಲ್ಲಿ ಇರಲಿ. ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದಾಗ ಹಳೆಯ ಡಿಸ್ಕು ಬಂದು ಹೊಸತು ಹೋದರೆ ಸಾಕು.

ಪ್ರತಿ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಎರಡೂ ಕಡೆಯ ಫೋಲ್ಡರಿನ ಮೇಲೆ ಬಲಗಡೆಯ ಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿದರೆ ಕಡತಗಳ ಸಂಖ್ಯೆಯೂ ಒಟ್ಟು ಬೈಟ್‌ಗಳೂ ಕಾಣುತ್ತವೆ. ಎರಡೂ ಅಂಕೆಗಳು ಕೊನೆಯ ಸ್ಥಾನದವರೆಗೆ ಹೊಂದಬೇಕು. ಬಳಿಕ ಅಲ್ಲೊಂದು ಇಲ್ಲೊಂದು ಚಿತ್ರವನ್ನು ತೆರೆದು ನೋಡಬೇಕು. ವಿಡಿಯೊವನ್ನು ಆರಂಭದಲ್ಲಿ ಮಾತ್ರವಲ್ಲ, ಕೊನೆಯ ನಿಮಿಷಕ್ಕೆ ಸರಿಸಿಯೂ ನೋಡಬೇಕು, ಏಕೆಂದರೆ ಅರ್ಧಕ್ಕೆ ನಿಂತ ಪ್ರತಿಯ ಮೊದಲ ಭಾಗ ಚೆನ್ನಾಗಿಯೇ ಓಡುತ್ತದೆ. ಇಷ್ಟಾದ ಮೇಲಷ್ಟೇ ಮೊಬೈಲಿನಿಂದ ಅಳಿಸುವ ಮಾತು.

ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಡಬಾರದು. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ ಕಂಪ್ಯೂಟರಿಗೆ ಹೊಕ್ಕರೆ ಸಿಕ್ಕಿಸಿದ ಡಿಸ್ಕನ್ನೂ ಬಿಡುವುದಿಲ್ಲ. ಪ್ರತಿ ಮುಗಿದ ಕೂಡಲೇ ಕ್ರಮವಾಗಿ ತೆಗೆದು, ಬಟ್ಟೆಯಲ್ಲಿ ಸುತ್ತಿ, ನಮ್ಮ ಕರಾವಳಿಯ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಹಾಕಿದ ಡಬ್ಬಿಯಲ್ಲಿ ಮುಚ್ಚಿಡಬೇಕು.

ಡಿಸ್ಕ್ ಕೊಳ್ಳುವಾಗ

ವರ್ಷಾನುಗಟ್ಟಲೆ ಕಪಾಟಿನಲ್ಲಿಡುವ ಪ್ರತಿಗೆ ನಾವು ಸೂಚಿಸುವುದು ಸಾಮಾನ್ಯ ಹಾರ್ಡ್ ಡಿಸ್ಕನ್ನೇ. ಎಸ್‌ಎಸ್‌ಡಿ ವೇಗವಾದದ್ದು, ಬಿದ್ದರೂ ತಾಳುತ್ತದೆ. ಆದರೆ ಅದೂ ಪೆನ್ ಡ್ರೈವೂ ಮೆಮೊರಿ ಕಾರ್ಡೂ ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿಡುವ ಸಾಧನಗಳು; ಬಹುಕಾಲ ವಿದ್ಯುತ್ ಕಾಣದೆ ಬಿದ್ದಿದ್ದರೆ ಅದು ಸೋರಿಹೋಗಬಹುದು. ಹಾರ್ಡ್ ಡಿಸ್ಕಿನ ಶತ್ರು ಬೇರೆ: ಅದು ಓಡುತ್ತಿರುವಾಗ ಅಲುಗಿದರೆ, ಬಿದ್ದರೆ ಒಳಗಿನ ತಟ್ಟೆ ಗೀರುತ್ತದೆ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸುವುದು ಲೇಸು.

ಜಾತ್ರೆ, ಸಂತೆ, ಅಂತರ್ಜಾಲದ ಅಗ್ಗದ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗಳಿಗೆ 2 ಟಿಬಿಯ ಪೆನ್ ಡ್ರೈವ್ ಎಂದು ಮಾರುತ್ತಾರೆ. ಅವು ನಕಲಿ. ಒಳಗಿರುವುದು 16 ಅಥವಾ 32 ಜಿಬಿ ಇರಬಹುದು. ಕಂಪ್ಯೂಟರಿಗೆ ಮಾತ್ರ 2 ಟಿಬಿ ಎಂದು ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ಚಿತ್ರಗಳು ಹೋದಂತೆ ತೋರುತ್ತವೆ, ಹೆಸರುಗಳೂ ಕಾಣುತ್ತವೆ, ತೆರೆಯಹೋದರೆ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಡ್ರೈವಿನ ತುಂಬ ಬರೆದು, ಮರಳಿ ಓದಿ ನಿಜವಾದ ಅಳತೆಯನ್ನು ಹೇಳುತ್ತದೆ.

ಇನ್ನೊಂದು ಸಣ್ಣ ತೊಡಕು. ದೊಡ್ಡ ವಿಡಿಯೊವನ್ನು ಪೆನ್ ಡ್ರೈವಿಗೆ ಹಾಕಹೋದಾಗ, ಜಾಗವಿದ್ದರೂ ಕಡತ ದೊಡ್ಡದಾಯಿತೆಂದು ನಿರಾಕರಿಸಿದರೆ, ಆ ಡ್ರೈವು ಫ್ಯಾಟ್32 ವಿನ್ಯಾಸದಲ್ಲಿದೆ ಎಂದರ್ಥ. ಅದರಲ್ಲಿ 4 ಜಿಬಿ ಮೀರಿದ ಒಂದೇ ಕಡತಕ್ಕೆ ಅವಕಾಶವಿಲ್ಲ. ಒಳಗಿರುವುದನ್ನು ಬೇರೆಡೆ ಇಟ್ಟು, ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದು ಅಳಿಯುತ್ತದೆಂಬುದು ನೆನಪಿರಲಿ.

ಗೂಗಲ್ ಫೋಟೋಸ್

ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಸಂಗ್ರಹದ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಉಚಿತವಾಗಿ ಸಿಗುವುದು 15 ಜಿಬಿ, ಅದೂ ಜಿಮೇಲ್ ಮತ್ತು ಡ್ರೈವ್ ಸೇರಿ. 4 ಎಂಬಿಯ ಚಿತ್ರಗಳಾದರೆ ನಾಲ್ಕು ಸಾವಿರವೂ ಹಿಡಿಯದು. ಜಾಗ ಉಳಿಸುವ ‘ಸ್ಟೋರೇಜ್ ಸೇವರ್’ ಆಯ್ಕೆಯಲ್ಲಿ ಚಿತ್ರಗಳೂ ವಿಡಿಯೊಗಳೂ ಕುಗ್ಗುತ್ತವೆ. ಮೂಲಪ್ರತಿಯೇ ಬೇಕಾದರೆ ‘ಒರಿಜಿನಲ್ ಕ್ವಾಲಿಟಿ’ ಆರಿಸಬೇಕು. 300 ಜಿಬಿಯ ಸಂಗ್ರಹವನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಏರಿಸಲು ಎಡೆಬಿಡದೆ ಸುಮಾರು 67 ಗಂಟೆ ಬೇಕು. ಹಾಗಾಗಿ ಗುಡ್ಡದ ತಪ್ಪಲಿನ ಮನೆಗಳಿಗೆ ನೆಂಟರ ಮನೆಯ ಡಿಸ್ಕೇ ಹೆಚ್ಚು ಸಾಧ್ಯವಾದ ದಾರಿ ಎಂಬುದು ನಮ್ಮ ಅಭಿಪ್ರಾಯ.

ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಗೂಗಲ್ ಫೋಟೋಸ್ ಮೊಬೈಲಿಗೆ ಹೊಂದಿಕೊಂಡು ನಡೆಯುತ್ತದೆ. ಬ್ಯಾಕಪ್ ಆದ ಚಿತ್ರವನ್ನು ಆ ಆ್ಯಪಿನಲ್ಲಿ ಅಳಿಸಿದರೆ ಅಂತರ್ಜಾಲದ ಪ್ರತಿಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಮಾತ್ರ ಉಳಿದಿರುತ್ತದೆ. ಮೊಬೈಲಿನಲ್ಲಿ ಜಾಗ ಬೇಕಿದ್ದರೆ ‘ಫ್ರೀ ಅಪ್ ಸ್ಪೇಸ್’ ಎಂಬುದನ್ನು ಬಳಸಬೇಕು, ‘ಡಿಲೀಟ್’ ಅನ್ನಲ್ಲ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ತೀರಿಹೋದ ಹಿರಿಯರ ಖಾತೆಯಲ್ಲಿ ಚಿತ್ರಗಳಿದ್ದರೆ ಆ ಗಡುವಿನೊಳಗೆ ಇಳಿಸಿಕೊಳ್ಳಬೇಕು. ಒಟ್ಟಾಗಿ ಇಳಿಸಿಕೊಳ್ಳಲು ‘ಗೂಗಲ್ ಟೇಕ್‌ಔಟ್’ ಇದೆ.

ಕ್ಯಾಸೆಟ್, ಸಿ.ಡಿ., ಕಾಗದದ ಚಿತ್ರ

ಎಲ್ಲಕ್ಕಿಂತ ತುರ್ತು ಕ್ಯಾಸೆಟ್ಟಿನದು. ವಿಎಚ್‌ಎಸ್ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರ ಜುಲೈನಲ್ಲಿ ನಿಲ್ಲಿಸಿತು. ಇನ್ನು ಉಳಿದಿರುವುದು ಹಳೆಯ ಯಂತ್ರಗಳು, ಅವನ್ನು ದುರಸ್ತಿ ಮಾಡಬಲ್ಲ ಕೆಲವರು. ತೊಂಬತ್ತರ ದಶಕದ ಮದುವೆಗಳಲ್ಲಿ ಇಂದಿಲ್ಲದ ಅಜ್ಜಿಯರ ದನಿ ಇದೆ, ಅವರಾಡಿದ ಕನ್ನಡ ಇದೆ. ಕಾಸರಗೋಡಿನ ಹವ್ಯಕರ ಮನೆಮಾತಿರಲಿ, ಜತ್ತದ ಹೊಲಮನೆಯ ಮಾತಿರಲಿ, ಮಡಕಶಿರದ ಮಾತಿರಲಿ, ಅದನ್ನು ಹಾಗೆಯೇ ಆಡುವವರು ಮನೆಯಲ್ಲಿ ಇನ್ನೆಷ್ಟು ಮಂದಿ ಇದ್ದಾರೆ ಎಂದು ಯೋಚಿಸಿದರೆ ತುರ್ತು ತಿಳಿಯುತ್ತದೆ. ಬಿಳಿಯ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿ ನೋಡಬಾರದು. ಯಂತ್ರವೂ ಕೆಡುತ್ತದೆ, ಟೇಪೂ ಹರಿಯುತ್ತದೆ. ಪಟ್ಟಣದ ಸ್ಟುಡಿಯೊಗೆ ಕೊಡುವಾಗ ಡಿ.ವಿ.ಡಿ. ಮಾತ್ರ ಸಾಕೆನ್ನದೆ ಎಂಪಿ4 ಕಡತವನ್ನೂ ಕೇಳಬೇಕು. ಕೆಲಸವಾದ ಮೇಲೂ ಕ್ಯಾಸೆಟ್ಟನ್ನು ಎಸೆಯಬಾರದು. ಮಿನಿ ಡಿವಿ ಟೇಪುಗಳಾದರೆ ಗಂಟೆಗೆ ಸುಮಾರು 13 ಜಿಬಿ ಬೇಕಾಗುತ್ತದೆ.

ಮನೆಯಲ್ಲಿ ಅಥವಾ ಸ್ಟುಡಿಯೊದಲ್ಲಿ ಬರೆದ ಸಿ.ಡಿ., ಡಿ.ವಿ.ಡಿ.ಗಳಲ್ಲಿ ಮಾಹಿತಿ ಇರುವುದು ಬಣ್ಣದ ಒಂದು ತೆಳುಪದರದಲ್ಲಿ. ಬಿಸಿಲು, ತೇವಗಳಿಗೆ ಅದು ಕೆಡುತ್ತದೆ. ಒಂದು ಸಿ.ಡಿ.ಯಲ್ಲಿ ಇರುವುದು 700 ಎಂಬಿ, ಡಿ.ವಿ.ಡಿ.ಯಲ್ಲಿ 4.7 ಜಿಬಿ. ನೂರು ಸಿ.ಡಿ.ಗಳೂ ಹೊಸ ಡಿಸ್ಕಿನ ಒಂದು ಮೂಲೆಗೆ ಸಾಲವು.

ಕಾಗದದ ಚಿತ್ರಗಳನ್ನು ಸ್ಕ್ಯಾನರಿನಲ್ಲಿ 600 ಡಿಪಿಐಯಲ್ಲಿ ಇಳಿಸಿಕೊಳ್ಳುವುದು ಉತ್ತಮ. ದೊಡ್ಡ ಚಿತ್ರಕ್ಕೆ 300 ಸಾಕು. ಹಿಂಬದಿಯಲ್ಲಿ ಬರಹವಿದ್ದರೆ ಅದನ್ನೂ ಸ್ಕ್ಯಾನ್ ಮಾಡಲೇಬೇಕು. ಶಾಲೆಯ ಸಮೂಹಚಿತ್ರಗಳ ಕೆಳಗಿನ ರಟ್ಟಿನ ಮೇಲೆ ಹೆಸರುಗಳು ಸಾಲಾಗಿ ಮುದ್ರಿತವಾಗಿರುತ್ತವೆ. ಮುಖಗಳಷ್ಟೇ ಸಾಕೆಂದು ಅದನ್ನು ಕತ್ತರಿಸಿ ಸ್ಕ್ಯಾನ್ ಮಾಡುವವರನ್ನು ಕಂಡು ನಮಗೆ ಬೇಸರವಾಗಿದೆ. ಚೌಕಟ್ಟಿನ ಗಾಜಿಗೆ ಅಂಟಿದ ಚಿತ್ರವನ್ನು ಕಿತ್ತು ತೆಗೆಯುವ ಸಾಹಸ ಬೇಡ. ಗಾಜಿನ ಮೇಲಿನಿಂದಲೇ, ಬೆಳಕು ಹೊಳೆಯದಂತೆ ಓರೆಯ ಬೆಳಕಿನಲ್ಲಿ ಫೋಟೊ ತೆಗೆದುಕೊಳ್ಳಬೇಕು.

ಹೆಸರು ಬರೆಯುವುದು

ಪ್ರತಿ ಮಾಡುವುದು ಯಂತ್ರದ ಕೆಲಸ. ಚಿತ್ರದಲ್ಲಿರುವವರು ಯಾರು, ಊರು ಯಾವುದು ಎಂಬುದು ಮನುಷ್ಯನೊಬ್ಬನೇ ಹೇಳಬಲ್ಲ, ಅದೂ ಅವನು ಬದುಕಿರುವಷ್ಟು ದಿನ. ಮೂರು ಡಿಸ್ಕುಗಳಲ್ಲಿ ಸುರಕ್ಷಿತವಾಗಿದ್ದೂ ಯಾರೆಂದು ಯಾರಿಗೂ ತಿಳಿಯದ ಮುಖಗಳು ಉಳಿದಂತೆಯೂ ಅಲ್ಲ, ಅಳಿದಂತೆಯೂ ಅಲ್ಲ.

ಫೋಲ್ಡರಿನ ಹೆಸರನ್ನು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಆರಂಭಿಸಬೇಕು: 1994-05-12 ಚಿಕ್ಕಮ್ಮನ ಮದುವೆ ಕುಂಬಳೆ. ಹೀಗಿಟ್ಟರೆ ಕಂಪ್ಯೂಟರು ತಾನಾಗಿಯೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ದಿನ ತಿಳಿಯದಿದ್ದರೆ ವರ್ಷ ಸಾಕು. ವರ್ಷವೂ ಅಂದಾಜಾದರೆ ‘ಸುಮಾರು’ ಎಂಬ ಪದವನ್ನು ಕೊನೆಯಲ್ಲಿ ಸೇರಿಸಬೇಕು. ‘ಚಿಕ್ಕಮ್ಮ’ ಎಂದರೆ ಯಾರ ಚಿಕ್ಕಮ್ಮ ಎಂಬ ಪ್ರಶ್ನೆ ಮುಂದಿನ ತಲೆಮಾರಿಗೆ ಬರುತ್ತದೆ. ಆದ್ದರಿಂದ ಪ್ರತಿ ಫೋಲ್ಡರಿನಲ್ಲಿ ಒಂದು ಸಣ್ಣ ಟಿಪ್ಪಣಿ ಕಡತವಿದ್ದು, ಅದರಲ್ಲಿ ಎಡದಿಂದ ಬಲಕ್ಕೆ ಪೂರ್ಣ ಹೆಸರು, ಮನೆತನ, ಊರು, ಸಂಬಂಧ ಬರೆದಿರಬೇಕು.

ಈ ಟಿಪ್ಪಣಿಯನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಬೇಕೆಂದು ಒತ್ತಿ ಹೇಳುತ್ತೇವೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಿಸಿದ ಬರಹ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ನಮ್ಮ ಶಾಲೆಗಳ ಹಳೆಯ ಕಂಪ್ಯೂಟರುಗಳಲ್ಲಿ ಇಂಥ ಪಟ್ಟಿಗಳು ಇಂದಿಗೂ ಬಿದ್ದಿವೆ. ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರೆದುದೆಲ್ಲ ಯೂನಿಕೋಡೇ ಆಗಿರುತ್ತದೆ.

ಊರಿನ ಹೆಸರಿನ ವಿಷಯ ನಮ್ಮ ಪಾಲಿಗೆ ಇನ್ನೂ ಮುಖ್ಯ. ಮೊಬೈಲು ತಾನಾಗಿ ಗುರುತಿಸುವ ಸ್ಥಳನಾಮ ನಕ್ಷೆಯಲ್ಲಿರುವ ರೂಪ. ನಾವು ಮಂಜೇಶ್ವರ ಎಂದರೆ ಅದು ಮಂಜೇಶ್ವರಂ ಎನ್ನುತ್ತದೆ. ರಾಯದುರ್ಗ ರಾಯದುರ್ಗಂ ಆಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ ಎಂಬ ರೂಪಗಳನ್ನು ಅದು ಅರಿಯದು. ಬೈಲು, ಗುತ್ತು, ಹಾಡಿ, ಓಣಿ, ಕೇರಿಗಳ ಹೆಸರು ನಕ್ಷೆಯಲ್ಲಿ ಇಲ್ಲವೇ ಇಲ್ಲ. ನಮ್ಮ ಟಿಪ್ಪಣಿಯಲ್ಲಿ ಕನ್ನಡ ಹೆಸರೂ ಬಳಕೆಯ ಸರ್ಕಾರಿ ಹೆಸರೂ ಎರಡೂ ಇರಬೇಕು. ಮುಂದೆ ಹುಡುಕುವವರು ಯಾವ ಹೆಸರಿನಲ್ಲಿ ಹುಡುಕಿದರೂ ಸಿಗುವಂತಾಗುತ್ತದೆ.

ಇದು ಮಕ್ಕಳಿಗೆ ಬಹಳ ಒಪ್ಪುವ ಕೆಲಸ. ಏಳನೆಯ ಅಥವಾ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಪಕ್ಕದಲ್ಲಿ ಕುಳಿತು, ದಿನಕ್ಕೆ ಹತ್ತು ಚಿತ್ರಗಳಂತೆ ಕೇಳಿ ಬರೆದರೆ ಒಂದು ಬೇಸಿಗೆ ರಜೆಯಲ್ಲಿ ನಾನೂರಕ್ಕೂ ಹೆಚ್ಚು ಚಿತ್ರಗಳಿಗೆ ಹೆಸರು ಬರುತ್ತದೆ. ಅಜ್ಜಿ ಹೇಳುತ್ತಿರುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಅದೇ ಫೋಲ್ಡರಿಗೆ ಹಾಕಿದರೆ ಬರಹದಲ್ಲಿ ಬಿಟ್ಟುಹೋದದ್ದೂ ಉಳಿಯುತ್ತದೆ. ಅಜ್ಜಿ ಹತ್ತರಲ್ಲಿ ನಾಲ್ಕಕ್ಕೆ ನಿಂತು ಕಥೆ ಹೇಳತೊಡಗಿದರೆ ಲೆಕ್ಕ ತಪ್ಪುತ್ತದೆ, ತಪ್ಪಲಿ.

ಮನೆಯ ಸಂಗ್ರಹದಿಂದ ಶಾಲೆಗೆ, ಸಂಘಕ್ಕೆ ಚಿತ್ರ ಕೊಡುವಾಗ ಅದರಲ್ಲಿರುವವರನ್ನೂ, ಮಕ್ಕಳಾದರೆ ಅವರ ಹೆತ್ತವರನ್ನೂ ಕೇಳಿಯೇ ಕೊಡಬೇಕು.

ಬ್ಯಾಕಪ್ಪಿನ ದಿನ, ಕೀಲಿಕೈ

ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನವೆಂದು ಕೆಲವರು ಆಚರಿಸುತ್ತಾರೆ. ಪರೀಕ್ಷೆ, ಲೆಕ್ಕಪತ್ರಗಳ ಆ ದಿನದಲ್ಲಿ ಶಾಲೆಯವರಿಗಾಗಲಿ ಪೋಷಕರಿಗಾಗಲಿ ಬಿಡುವಿಲ್ಲ. ಆಯುಧಪೂಜೆಗೆ ಹೇಗೂ ಯಂತ್ರಗಳನ್ನು ಒರೆಸಿ ಇಡುತ್ತೇವೆ. ಅದರ ಹಿಂದಿನ ವಾರ ಡಿಸ್ಕುಗಳನ್ನೂ ಹೊರತೆಗೆದು, ಓಡಿಸಿ ನೋಡಿ, ವರ್ಷದ ಹೊಸ ಚಿತ್ರಗಳನ್ನು ಸೇರಿಸುವುದು ನೆನಪಿಗೂ ಸುಲಭ. ಓಡಿಸಿದಾಗ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬಂದರೆ ಮತ್ತೆ ಮತ್ತೆ ಹಾಕಿ ತೆಗೆದು ಮಾಡದೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಪ್ರತಿಯಿಂದ ಹೊಸ ಡಿಸ್ಕನ್ನು ಸಿದ್ಧಪಡಿಸಬೇಕು.

ಡಿಸ್ಕಿಗೆ ಪಾಸ್‌ವರ್ಡ್ ಹಾಕಿದ್ದರೆ ಅದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ತಿಳಿದಿರಬೇಕು. ಗೂಗಲ್ ಖಾತೆಯಲ್ಲಿ ‘ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಏರ್ಪಾಡಿದೆ. ಖಾತೆ ಬಹುಕಾಲ ಬಳಕೆಯಾಗದಿದ್ದರೆ ನಾವು ಸೂಚಿಸಿದವರಿಗೆ ಅದರಲ್ಲಿರುವುದು ದೊರೆಯುವಂತೆ ಮೊದಲೇ ಬರೆದಿಡಬಹುದು. ಐಫೋನ್ ಇರುವವರಿಗೆ ‘ಲೆಗಸಿ ಕಾಂಟ್ಯಾಕ್ಟ್’ ಎಂಬ ಅಂಥದೇ ವ್ಯವಸ್ಥೆಯಿದೆ. ಯಾವ ಡಿಸ್ಕು ಎಲ್ಲಿದೆ, ಕೊನೆಯ ಬಾರಿ ಯಾವಾಗ ತೆರೆದು ನೋಡಿದೆವು, ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಮನೆಯ ಪಹಣಿ, ರೇಷನ್ ಕಾರ್ಡುಗಳಿರುವ ಕಡತದಲ್ಲಿ ಸೇರಿಸಿಟ್ಟರೆ ಹುಡುಕುವವರ ಕೈಗೆ ಅದು ಮೊದಲು ಸಿಗುತ್ತದೆ.